ಹರಿದ ಲೇಬಲ್

ಕರಗಿ ತೂತಾಗಿದ್ದ ಪಿಸ್ಟನ್ನನ್ನು ಕಾರಿನ ಮಾಲೀಕ ಮೆಕ್ಯಾನಿಕ್‌ನ ಮೇಜಿನ ಮೇಲೆ ಕುಕ್ಕಿದ.

"ನೀರು-ಮೆಥನಾಲ್ ಚಿಮ್ಮಿಸಿದ್ರೆ ಟರ್ಬೊ ಎಂಜಿನ್ ಎಷ್ಟು ಓಡಿಸಿದ್ರೂ ಕಾಯಲ್ಲ ಅಂದೆಯಲ್ಲೋ! ಇವತ್ತು ರೇಸಲ್ಲಿ ಎಲ್ಲರ ಮುಂದೆ ನನ್ನ ಮಾನ ಹರಾಜಾಯ್ತು."

ಮೆಕ್ಯಾನಿಕ್ ಕಾರಿನಲ್ಲಿ ಆ ಮಿಶ್ರಣಕ್ಕೆಂದೇ ಇದ್ದ ಪುಟ್ಟ ಟ್ಯಾಂಕಿನಲ್ಲಿ ಉಳಿದಿದ್ದ ದ್ರವದಲ್ಲಿ ಬಟ್ಟೆ ಅದ್ದಿ, ಬೆಂಕಿಕಡ್ಡಿ ಗೀರಿ ಹಿಡಿದ. ಕಡ್ಡಿ ಚುಯ್ ಎಂದು ಆರಿತು.

"ಇದು ಬರೀ ನೀರು. ನಾನು ಕೊಟ್ಟ ಮೆಥನಾಲ್ ಎಲ್ಲಿ?"

"ನೀನು ಕೊಟ್ಟಿದ್ದೇ ನೀರು, ಕಳ್ಳ ನನ್ಮಗನೆ!"

"ನಾಲಿಗೆ ಬಿಗಿ ಹಿಡಿದು ಮಾತಾಡಿ. ಸೀಲ್ ಮಾಡಿ, ಮೇಲೆ ತಲೆಬುರುಡೆ ಲೇಬಲ್ ಅಂಟಿಸಿ ಕೊಟ್ಟಿದ್ದೆ. ಇದು ವಿಷ, ಹೊಟ್ಟೆಗೆ ಹೋದ್ರೆ ಮೊದಲು ಕಣ್ಣು ಹೋಗುತ್ತೆ, ಆಮೇಲೆ ಪ್ರಾಣ ಅಂತ ಬಡ್ಕೊಂಡಿದ್ದೆ."

"ಆ ಲೇಬಲ್ ನೋಡಿ ಬೇರೆ ಟೀಮಿನವರು ನನ್ನ ಗುಟ್ಟು ತಿಳ್ಕೊಳ್ಳಲಿ ಅಂತಾನಾ? ಅದನ್ನ ಹರಿದು ಬಿಸಾಕಿ, ಬ್ರಾಂದಿ ಬಾಟಲಿಗೆ ಸುರಿದಿಟ್ಟಿದ್ದೆ."

ಮೆಕ್ಯಾನಿಕ್‌ನ ದನಿ ಇಳಿಯಿತು. "ಟ್ಯಾಂಕಿಗೆ ತುಂಬಿಸಿದ್ದು ಯಾರು?"

"ನಮ್ಮ ಡ್ರೈವರ್. ನಿನ್ನೆ ಬಾಟಲಿ ಕೈಗೆ ಕೊಟ್ಟಾಗ, ಇಂಥ ಮಾಲು ಎಂಜಿನ್‌ಗೆ ಸುರೀಬೇಕಾ ಸಾರ್ ಅಂತ ಹೊಟ್ಟೆ ಉರ್ಕೊಂಡ. ಹೇಳಿದಷ್ಟು ಮಾಡೋ ಅಂತ ಬೈದೆ. ಹೊರಗಡೆ ನಿಂತಿದಾನೆ, ಅವನನ್ನೇ ಕೇಳು!"

ಇಬ್ಬರೂ ಗ್ಯಾರೇಜಿನ ಬಾಗಿಲಿಗೆ ಬಂದರು. ಹೊರಗೆ ಏಪ್ರಿಲ್ ತಿಂಗಳ ಬಿಸಿಲು ಟಾರನ್ನು ಕರಗಿಸುತ್ತಿತ್ತು. ಡ್ರೈವರ್ ಗೋಡೆ ತಡವಿಕೊಂಡು ಅವರತ್ತ ಬಂದ.

"ಏನ್ ಸಾರ್ ಇದು, ಮಟಮಟ ಮಧ್ಯಾಹ್ನ ಇಷ್ಟೊಂದು ಮಂಜು?"