ಮೂರು ಚಪ್ಪಾಳೆ

ಏನನ್ನಾದರೂ ಬೇಡಲೋ ಕ್ಷಮೆ ಕೇಳಲೋ ಹೋಗುವವರು ಒಯ್ಯುವ ಕಾವಾ ಬೇರಿನ ಕಟ್ಟನ್ನು ಎದೆಗವಚಿಕೊಂಡು ಲೋಸಾನಾ ಎದುರಂಗಡಿಯ ವಿಲಿಕೇಸನ ಮುಂದೆ ಮಂಡಿಯೂರಿದಳು. ಅವಳ ಬ್ರೆಡ್ಡಿನ ಒಲೆ ಬೆಳಗ್ಗೆಯೇ ಕುಸಿದುಬಿದ್ದಿತ್ತು. ಮಧ್ಯಾಹ್ನ ಊರ ಹಿರಿಯನ ತಾಯಿಯನ್ನು ಮಣ್ಣು ಮಾಡುವುದಿತ್ತು; ಬಂದವರಿಗೆಲ್ಲ ಬ್ರೆಡ್ಡು ಕೊಡುತ್ತೇನೆಂದು ಮಾತು ಕೊಟ್ಟವಳು ಅವಳೇ. ನಾದಿಟ್ಟ ಹಿಟ್ಟು ಉಬ್ಬಿ ಉಬ್ಬಿ ಬಾನಿಯಿಂದ ಹೊರಗಿಳಿಯುತ್ತಿತ್ತು. ಊರಲ್ಲಿ ಇನ್ನುಳಿದಿದ್ದು ಈ ವೈರಿಯ ಒಲೆ ಒಂದೇ.

ಅವಳು ಬಾಯಿ ತೆರೆಯುವ ಮೊದಲೇ ವಿಲಿಕೇಸ ಕಟ್ಟನ್ನು ಕಿತ್ತುಕೊಂಡ. "ಬಂದ್ಯಾ ತಾಯೀ! ನನ್ನ ಬ್ರೆಡ್ಡು ಕಲ್ಲು ಅಂತ ಊರೆಲ್ಲ ಸಾರಿದ್ಯಲ್ಲ, ಕೊನೆಗೂ ತಪ್ಪಾಯ್ತು ಅನ್ನೋಕೆ ಬಂದ್ಯಾ! ಏ, ನೋಡ್ರೋ ಎಲ್ಲ!" ಬಸ್ಸಿಗೆ ಕಾದಿದ್ದವರೆಲ್ಲ ತಿರುಗಿದರು. ಅವರೆದುರಿಗೇ ಅವನು ಅಂಗೈಗಳನ್ನು ಬಟ್ಟಲು ಮಾಡಿ ಮೂರು ಸಲ ಗಂಭೀರವಾಗಿ ತಟ್ಟಿದ. "ಒಪ್ಪಿದೆ!"

ಲೋಸಾನಾಗೆ ನಾಚಿಕೆಯಿಂದ ಕಣ್ಣು ಉರಿಯಿತು. ಎದ್ದು ಹೋಗಿಬಿಡಲೇ ಅನ್ನಿಸಿತು. ಆದರೆ ಹಿಟ್ಟು ಕಾಯುವುದಿಲ್ಲ. "ಅಣ್ಣಾ, ನಾನಿನ್ನೂ ಏನೂ ಕೇಳೇ ಇಲ್ಲ," ಎಂದಳು. "ನನ್ನ ಒಲೆ ಬಿದ್ದುಹೋಯ್ತು. ನಾ ಬೇಡೋಕೆ ಬಂದಿದ್ದು ನಿನ್ನ ಒಲೆ."

ವಿಲಿಕೇಸನ ನಗು ಬಾಯಲ್ಲೇ ನಿಂತಿತು. ಕಾವಾ ಕೈಗೆ ತಗೊಂಡು ಚಪ್ಪಾಳೆ ತಟ್ಟಿದ ಮೇಲೆ ಕೇಳಿದ್ದಕ್ಕೆ ಇಲ್ಲ ಅನ್ನುವ ಗಂಡಸು ಫಿಜಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಬಸ್ಸು ಬಂತು, ಯಾರೂ ಹತ್ತಲಿಲ್ಲ. ಅವನು ಕೈಯಲ್ಲಿದ್ದ ಕಟ್ಟನ್ನು ನೋಡಿದ, ನೆರೆದವರನ್ನು ನೋಡಿದ, ಆಮೇಲೆ ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದ: "ನಮ್ಮ ಬ್ರೆಡ್ಡು ಹೊರಗೆ ತೆಗಿಯೇ... ಬೇಯದಿದ್ರೂ ತೆಗಿ."