ವಾರಂಟಿ ಎಷ್ಟು ವರ್ಷ?

“ಅಭಿನಂದನೆಗಳು ಸರ್! ನೀವು ಆಯ್ಕೆಯಾಗಿ…”

“ಬೇಡ!” ಎಂದು ಅಬ್ಬರಿಸಿ ಗಡಿಯಾರ ರಿಪೇರಿಯವನು ಫೋನ್ ಕಟ್ ಮಾಡಿದ. ಆ ನಂಬರನ್ನು ಅಲ್ಲೇ ಬ್ಲಾಕ್ ಮಾಡಿದ.

“ರೀ, ಯಾರು, ಏನು ಅಂತ ಒಂದು ಮಾತು ಕೇಳಬಾರದಾ?” ಎಂದಳು ಹೆಂಡತಿ.

“ಕೇಳೋದೇನು? ಕೆಂಪಗೆ ಬರೆದಿತ್ತಲ್ಲ, ‘ಸ್ಪ್ಯಾಮ್ ಇರಬಹುದು, ಇನ್ನೂರ ಹನ್ನೆರಡು ಜನ ದೂರಿದ್ದಾರೆ’ ಅಂತ. ಇದು ಮುನ್ನೂರ ನಲವತ್ತನೇದು ಕಣೇ. ಸಾಲದವನು, ಸೈಟಿನವನು, ಇನ್ಶೂರೆನ್ಸಿನವನು, ಒಬ್ಬನೂ ಇನ್ನು ನನ್ನ ಹತ್ತಿರ ಸುಳಿಯೋ ಹಾಗಿಲ್ಲ.”

ಅಬ್ಬಾ, ಆ ಮನುಷ್ಯನ ಹೆಮ್ಮೆಯೇ! ಹೋದ ವರ್ಷ ಇಂಥದೇ ಒಂದು ಫೋನಿಗೆ ಬೆಚ್ಚಿಬಿದ್ದು, ಅವನ ಚಿಮಟದಲ್ಲಿದ್ದ ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗೊಂದು ಹಾರಿಹೋಗಿತ್ತು. ಗಂಡ ಹೆಂಡತಿ ಇಬ್ಬರೂ ಅರ್ಧ ದಿನ ನೆಲದ ಮೇಲೆ ಮೊಣಕಾಲೂರಿ ಹುಡುಕಿದ್ದರು. ಈ ಬ್ಲಾಕ್ ಯುದ್ಧ ಶುರುವಾದದ್ದು ಅವತ್ತು. ಪಕ್ಕದ ಚಪ್ಪಲಿ ಅಂಗಡಿಯವನು ಅವನಿಗೆ ‘ಬ್ಲಾಕ್ ಬಹಾದ್ದೂರ್’ ಎಂದು ಹೆಸರಿಟ್ಟಿದ್ದ. ಅದು ತಮಾಷೆ ಎಂದು ಇವನಿಗೆ ಇವತ್ತಿಗೂ ಹೊಳೆದಿಲ್ಲ.

ಹೆಂಡತಿ ಮುಂದಿನ ಗಾಜಿನ ಮೇಜಿನ ಹಿಂದೆ ಕೂತು ವಾಚಿಗೆ ಬೆಲ್ಟು ಹಾಕುತ್ತ, ಆಗಾಗ ರಸ್ತೆ ನೋಡುತ್ತಿದ್ದಳು. ಅವಳು ಕಾಯುತ್ತಿದ್ದುದು ಅಂಚೆಯವನನ್ನು. ಶಿಶುಗೃಹದಲ್ಲಿ ದತ್ತು ಮಗುವಿಗೆ ಅರ್ಜಿ ಹಾಕಿ ನಾಲ್ಕು ವರ್ಷವಾಗಿತ್ತು. ಅರ್ಜಿಯಲ್ಲಿ ಗಂಡನ ಫೋನ್ ನಂಬರು ಬರೆದಿದ್ದರೂ, ಸರದಿ ಬಂದಾಗ ಕಾಗದವೇ ಬರುತ್ತದೆ ಎಂದು ಅಲ್ಲಿಯವರು ಹೇಳಿದ್ದರು. ಇವತ್ತೂ ಅಂಚೆಯವನು ಬಂದ, ಏನೂ ಇಲ್ಲವೆಂದು ಕೈಯಾಡಿಸಿ ಹೋದ. ಅವಳ ಮುಖ ಬಾಡಿತು. “ಬರುತ್ತೆ ಬಿಡೇ,” ಎಂದ ಗಂಡ, ತಲೆಯೆತ್ತದೆ. ನಾಲ್ಕು ವರ್ಷದಿಂದ ಅದನ್ನೇ ಹೇಳುತ್ತಿದ್ದ. ಈಚೀಚೆಗೆ ಹೇಳುವಾಗ ಅವನ ದನಿಯೇ ಇಳಿದುಹೋಗುತ್ತಿತ್ತು.

ಸಂಜೆ ಮತ್ತೆ ಫೋನು. ಈ ಸಲ ಹೆಸರೂ ಇಲ್ಲ, ಕೆಂಪಕ್ಷರವೂ ಇಲ್ಲ, ಬರೀ ನಂಬರು. ಎತ್ತಿದರೆ ಅದೇ ದನಿ: “ಅಭಿನಂದನೆಗಳು ಸರ್…”

“ಎಲಾ ಇವಳಾ! ಬಾಗಿಲು ಹಾಕಿದ್ರೆ ಕಿಟಕಿಯಿಂದ ಬಂದಳು!” ಅವನು ಫೋನಿಗೆ ಅಂಗೈ ಮುಚ್ಚಿ ಹೆಂಡತಿಗೆ ಹೇಳಿದ. “ನೋಡ್ತಿರು, ಹೇಗೆ ಚಳಿ ಬಿಡಿಸ್ತೀನಿ.” ಸ್ಪೀಕರ್ ಒತ್ತಿದ.

“ಸರ್, ನಾನು ಎಲ್ಲಿಂದ ಮಾತಾಡ್ತಿರೋದು ಅಂದ್ರೆ…”

“ಎಲ್ಲಾ ಗೊತ್ತು ಬಿಡಿ ಮೇಡಂ. ಇವತ್ತೇ ಕೊನೇ ದಿನ, ಅಲ್ವಾ?”

“ಹೌದು ಸರ್! ಐದು ಗಂಟೆವರೆಗೆ ಮಾತ್ರ. ಆಮೇಲೆ ಮುಂದಿನವರಿಗೆ ಹೋಗುತ್ತೆ.”

ಅವನು ಹೆಂಡತಿಗೆ ಕಣ್ಣು ಹೊಡೆದ. “ತೂಕ ಎಷ್ಟು?”

“ಎಂಟು ಕೆಜಿ ಸರ್.”

“ಸದ್ದು ಜಾಸ್ತಿನಾ?”

“ಹಸಿವಾದಾಗ ಮಾತ್ರ.”

ಬೆಲ್ಟು ಹಾಕುತ್ತಿದ್ದ ಹೆಂಡತಿಯ ಕೈ ನಿಂತಿತು. ಅವನಿಗೆ ಅದೆಲ್ಲಿ ಕಾಣಬೇಕು? ಆಟ ರಂಗೇರಿತ್ತು.

“ಸರಿ, ವಾರಂಟಿ ಎಷ್ಟು ವರ್ಷ?”

ಆ ದನಿ ನಿಧಾನವಾಗಿ ಹೇಳಿತು: “ಅದು ನಾವು ಕೊಡೋದಲ್ಲ ಸರ್. ನೀವು ಕೊಡಬೇಕಾದ್ದು.”

ಹೆಂಡತಿ ಒಂದೇ ನೆಗೆತಕ್ಕೆ ಬಂದು ಫೋನ್ ಕಿತ್ತುಕೊಂಡಳು. “ಅಮ್ಮಾ, ಯಾರಮ್ಮಾ ನೀವು?”

“ಶಿಶುಗೃಹದ ಗುಮಾಸ್ತೆ ಮೇಡಂ. ಹೆಣ್ಣು ಮಗು, ಹನ್ನೊಂದು ತಿಂಗಳು. ಈಗ ಕಾಗದ ಕಳಿಸೋದು ನಿಂತಿದೆ, ಫೋನೇ ಮಾಡೋದು. ಬೆಳಗ್ಗೆ ಆಫೀಸ್ ಫೋನಿಂದ ಮಾಡಿದ್ರೆ ಸರ್ ಬೇಡ ಅಂದುಬಿಟ್ರು. ದೇಣಿಗೆ ಕೇಳೋದೂ ಅದೇ ನಂಬರಿಂದ, ಜನ ಸ್ಪ್ಯಾಮ್ ಅಂತ ಹಾಕಿಬಿಟ್ಟಿದ್ದಾರೆ. ನಿಮ್ಮ ಹೆಸರಿನ ಮುಂದೆ ‘ಬೇಡ’ ಅಂತ ಬರೆಯೋಕೆ ಪೆನ್ನು ತಗೊಂಡೆ, ಮನಸ್ಸೇ ಬರಲಿಲ್ಲ. ನಾಲ್ಕು ವರ್ಷ ಕಾದವರು ಹೀಗೆ ಬೇಡ ಅಂತಾರಾ ಅನ್ನಿಸ್ತು. ಅದಕ್ಕೇ ನನ್ನ ಮೊಬೈಲಿಂದ ಮಾಡಿದೆ.”

“ಈಗ ಗಂಟೆ ಎಷ್ಟು ರೀ?” ಹೆಂಡತಿ ಚೀರಿದಳು. ಗೋಡೆ ತುಂಬ ಗಡಿಯಾರ, ಎಲ್ಲವೂ ರಿಪೇರಿಗೆ ಬಂದವು. ಒಂದರಲ್ಲಿ ಮೂರೂಕಾಲು, ಒಂದರಲ್ಲಿ ಏಳು, ಇನ್ನೊಂದಕ್ಕೆ ಮುಳ್ಳೇ ಇಲ್ಲ. ಊರಿಗೆಲ್ಲ ಟೈಮು ಸರಿಮಾಡಿಕೊಡುವ ಭೂಪ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಬೆಪ್ಪನಂತೆ ಗೋಡೆ ನೋಡುತ್ತ ನಿಂತ. ಕೈಗೆ ಬಂದ ತುತ್ತನ್ನು ತಾನೇ ತಳ್ಳಿಬಿಡುತ್ತಿದ್ದನಲ್ಲ, ಮಹಾರಾಯ!

“ಐದಕ್ಕೆ ಇನ್ನೂ ಎಂಟು ನಿಮಿಷ ಇದೆ, ಗಾಬರಿಯಾಗಬೇಡಿ,” ಎಂದಳು ಗುಮಾಸ್ತೆ. “ಅರ್ಜಿ ಸರ್ ಹೆಸರಲ್ಲಿದೆ, ಅವರ ಬಾಯಿಂದಲೇ ಬರಬೇಕು. ಹೇಳಿ ಸರ್, ಬೇಕಾ, ಬೇಡವಾ?”

“ಬೇಕು!” ಅವನು ಕೂಗಿದ ಕೂಗಿಗೆ ಗಾಜಿನ ಮೇಜು ಝಣ್ ಎಂದಿತು. “ಬೇಕು ತಾಯೀ, ಬೇಕು, ಬೇಕು!” ಮುನ್ನೂರ ನಲವತ್ತು ಸಲ ಬೇಡ ಎಂದ ಬಾಯಿಗೆ ಈಗ ನಿಲ್ಲಿಸುವುದೇ ಗೊತ್ತಾಗಲಿಲ್ಲ. ಹೆಂಡತಿ ಅಳುತ್ತ, ನಗುತ್ತ, ಅವನ ಬೆನ್ನಿಗೆ ಎರಡು ಗುದ್ದಿದಳು.

“ಹಾಗಾದ್ರೆ ನಾಳೆ ಹತ್ತು ಗಂಟೆಗೆ ಬನ್ನಿ ಸರ್,” ಗುಮಾಸ್ತೆಯ ದನಿಯಲ್ಲೂ ನಗು, “ವಾರಂಟಿಗೆ ಸಹಿ ಹಾಕೋಕೆ.”

ಗದ್ದಲಕ್ಕೆ ಚಪ್ಪಲಿ ಅಂಗಡಿಯವನು ಓಡಿಬಂದ. “ಏನೋ ಬಹಾದ್ದೂರ್, ಯಾರೋ ನಿನಗೆ ಏನೋ ಮಾರಿಬಿಟ್ರಾ?”

“ಮಗಳಣ್ಣಾ! ನನ್ನ ಮಗಳು!”

ಎಲ್ಲ ತಣ್ಣಗಾದ ಮೇಲೆ ಅವನು ಬೆಳಗಿನ ಕೆಂಪು ನಂಬರನ್ನು ಹುಡುಕಿ ಬ್ಲಾಕ್ ತೆಗೆದ. ಯಾವ ಹೆಸರಿನಲ್ಲಿ ಉಳಿಸಬೇಕು ಎಂದು ಫೋನ್ ಕೇಳಿತು. ‘ಶಿಶುಗೃಹ’ ಎಂದು ಒತ್ತಿದ. ನೋಡಿದ, ಅಳಿಸಿದ. ಭೂತಗನ್ನಡಿ ತೆಗೆದಿಟ್ಟು, ಕಣ್ಣೊರೆಸಿಕೊಂಡು, ಒಂದೊಂದೇ ಅಕ್ಷರ ಮತ್ತೆ ಒತ್ತಿದ: ‘ಮಗಳ ತವರು’.