ಹರಳೆಣ್ಣೆ ಸವರಿಕೊಂಡು ನೋಡಿದ ಟೀವಿ

ದುಡಿದು ಕೊಂಡ ದೊಡ್ಡ ಟೀವಿ ಈಗ ನನ್ನ ಮನೆಯಲ್ಲೇ ಇದೆ, ಆದರೂ ಹರಳೆಣ್ಣೆಯ ವಾಸನೆ ಬಂದರೆ ಅಜ್ಜಂಪುರದ ಆ ಭಾನುವಾರವೇ ಕಣ್ಣ ಮುಂದೆ ನಿಲ್ಲುತ್ತದೆ.

ನಮ್ಮ ಬೀದಿಯಲ್ಲಿ ಟೀವಿ ಇದ್ದದ್ದು ಸಾಬರ ಮನೆಯಲ್ಲಿ ಮಾತ್ರ. ಅದು ಕಣ್ಣಿಗೆ ಉಷ್ಣ ಎಂದು ಅಜ್ಜಿ ನನಗೂ ಪುಟ್ಟ ತಂಗಿ ಗೌರಿಗೂ ನೆತ್ತಿಗೆ, ರೆಪ್ಪೆಗೆ ಹರಳೆಣ್ಣೆ ಸವರಿಯೇ ಕಳಿಸುತ್ತಿದ್ದಳು. "ಎಣ್ಣೆ ತಲೆ ಗೋಡೆಗೆ ಒರಗಿಸ್ಬೇಡ್ರೋ, ಈಗ್ತಾನೆ ಸುಣ್ಣ ಹೊಡ್ಸೀವಿ" ಎಂದು ಸಾಬರ ಹೆಂಡತಿ ಗದರುತ್ತಿದ್ದರು.

ಗೌರಿ ಗೋಡೆಯ ಹತ್ತಿರ ಕೂತವಳೇ ಅಲ್ಲ. ಟೀವಿಗೆ ಮೂಗು ತಾಗಿಸಿಯೇ ನೋಡುತ್ತಿದ್ದಳು. ಆ ದಿನ ಕರೆಯಲು ಬಂದ ಅಜ್ಜಿ ಅದನ್ನು ಕಂಡು, "ಲೇ, ಕಣ್ಣು ಹೋಯ್ತದೆ ಕಣೇ! ಇನ್ಮೇಲೆ ಈ ಕಡೆ ತಲೆ ಹಾಕ್ಬೇಡ" ಎಂದು ರಟ್ಟೆ ಹಿಡಿದು ಅಂಗಳಕ್ಕೆ ಎಳೆತಂದಳು.

ಗೌರಿಗೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ. "ಅಜ್ಜೀ, ಹಕ್ಕಿ ಹಾರೋವಾಗ ರೆಕ್ಕೆ ಬಡೀತದೆ! ಟೀವೀಲಿ ನೋಡ್ದೆ!"

"ಅದ್ನ ನೋಡಾಕೆ ಟೀವಿ ಬೇಕೇನೇ? ಅಗೋ, ತೆಂಗಿನಮರದ ಮೇಲೆ ಗಿಳಿ ಹಾರ್ತಾವೆ, ನೋಡು."

"ಎಲ್ಲಜ್ಜೀ?"

ಗಿಳಿಗಳು ಕಿರುಚುತ್ತ ನಮ್ಮ ತಲೆಯ ಮೇಲೇ ಹಾದುಹೋದವು. ಗೌರಿ ಸದ್ದು ಬಂದ ಕಡೆಗೆ ಮುಖವೆತ್ತಿ ಹುಡುಕುತ್ತಲೇ ಇದ್ದಳು. ಅಜ್ಜಿಯ ಕೈ ಸಡಿಲವಾಯಿತು. ಸೆರಗಿನಿಂದ ಅವಳ ರೆಪ್ಪೆಯ ಎಣ್ಣೆಯನ್ನು ಮೆಲ್ಲಗೆ ಒರೆಸಿ, ಮತ್ತೆ ಒಳಗೆ ಕರೆದೊಯ್ದು ಟೀವಿಯ ಮುಂದೆಯೇ ಕೂರಿಸಿದಳು.

"ನೋಡು ಮಗಾ. ಎಷ್ಟು ಹತ್ರ ಬೇಕೋ ಅಷ್ಟು ಹತ್ರ ನೋಡು."